ಹಳಿ ಮುಗಿಯುವ ಕಡೆ ಸಮುದ್ರವಿದೆ

ಪುಟ್ಟೀ,

ಮೆಲ್ಬರ್ನಿನಲ್ಲಿ ಮೂರು ವಾರ ಅಣ್ಣನ ಮನೆಯಲ್ಲಿರುತ್ತೀಯಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಅಣ್ಣ, ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುವವರು; ವಾರದ ದಿನಗಳಲ್ಲಿ ನಿನ್ನನ್ನು ಕಾರಿನಲ್ಲಿ ಸುತ್ತಿಸಲು ಅವರಿಗೆ ಪುರಸೊತ್ತು ಎಲ್ಲಿಂದ ಬರಬೇಕು? ಹುಡುಗಿ ಒಬ್ಬಳೇ ಮನೆಯಲ್ಲಿ ಕೂತು ಗೋಡೆ ನೋಡಬೇಕಲ್ಲ ಅಂತ ಅವಳ ಚಿಂತೆ. ನನಗೆ ಆ ಚಿಂತೆ ಇಲ್ಲ. ಆ ಊರಿನಲ್ಲಿ ಟ್ರಾಮ್ ಇದೆ. ಅಲ್ಲಿರುವ ನನ್ನ ಮಗನ ಮನೆಗೆ ಹೋದಾಗಲೆಲ್ಲ ಸೀರೆ ಉಟ್ಟುಕೊಂಡು, ಸ್ವೆಟರ್ ಏರಿಸಿಕೊಂಡು, ಈ ವಯಸ್ಸಿನಲ್ಲಿ ನಾನೇ ಒಬ್ಬಳೇ ಅದರಲ್ಲಿ ಓಡಾಡಿದ್ದೇನೆ. ನಿನಗೇನು ಧಾಡಿ?

ಮೊದಲೇ ಒಂದು ವಿಷಯ ತಲೆಯಲ್ಲಿಟ್ಟುಕೋ. ಟ್ರಾಮ್ ಅವಸರದವರ ಗಾಡಿ ಅಲ್ಲ. ಗಂಟೆಗೆ ಸರಾಸರಿ 16 ಕಿಲೋಮೀಟರ್ ಅದರ ವೇಗ. ಪೇಟೆಯ ನಡುವೆ ಇನ್ನೂ ಕಡಿಮೆ. ಗಡಿಯಾರ ನೋಡಿಕೊಂಡು ಮುಟ್ಟಬೇಕಾದ ಜಾಗಕ್ಕೆ ರೈಲಿನಲ್ಲಿ ಹೋಗು. ಟ್ರಾಮ್ ಹತ್ತಿದ ದಿನ ಆರು ಜಾಗಗಳ ಪಟ್ಟಿ ಹಿಡಿದುಕೊಂಡು ಹೊರಡಬೇಡ. ದಿನಕ್ಕೊಂದು ನಂಬರ್ ಆರಿಸಿಕೋ, ಕಿಟಕಿ ಪಕ್ಕ ಕೂತುಕೋ, ಕೊನೆಯ ಸ್ಟಾಪಿನವರೆಗೂ ಏಳಬೇಡ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಹಾಗೆ ನಿಶ್ಚಿಂತೆಯಿಂದ ಕೂರುವುದಕ್ಕೆ ಬೇಕಾದ ತಯಾರಿ.

ವಿಮಾನ ಇಳಿದ ದಿನವೇ ಕಾದಿರುವ ಒಂದು ಹಳ್ಳದ ವಿಷಯ ಹೇಳಿಬಿಡುತ್ತೇನೆ. 59ನೇ ನಂಬರಿನ ಟ್ರಾಮ್‌ನ ಹಣೆಯ ಮೇಲೆ ‘ಏರ್‌ಪೋರ್ಟ್ ವೆಸ್ಟ್’ ಅಂತ ಬರೆದಿರುತ್ತದೆ. ಅದು ಒಂದು ಬಡಾವಣೆಯ ಹೆಸರು, ವಿಮಾನ ನಿಲ್ದಾಣವಲ್ಲ. ಮೆಲ್ಬರ್ನಿನ ವಿಮಾನ ನಿಲ್ದಾಣಕ್ಕೆ ಟ್ರಾಮೂ ಇಲ್ಲ, ರೈಲೂ ಇಲ್ಲ. ಸದರ್ನ್ ಕ್ರಾಸ್ ರೈಲು ನಿಲ್ದಾಣದಿಂದ ಸ್ಕೈಬಸ್ ಹೋಗುತ್ತದೆ, ಇಲ್ಲವೇ ಅಣ್ಣ ಕಾರು ತರಬೇಕು. ವಾಪಸು ಬರುವ ದಿನ ಸೂಟ್‌ಕೇಸ್ ಎಳೆದುಕೊಂಡು 59 ಹತ್ತಿಬಿಟ್ಟೀಯ!

ಇನ್ನು ದುಡ್ಡಿನ ಮಾತು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ಹೋದವರು ಎಡವುವುದು ಇಲ್ಲೇ.

ಟ್ರಾಮ್‌ನಲ್ಲಿ ಕಂಡಕ್ಟರ್ ಇಲ್ಲ. 1998ಕ್ಕೇ ಅವರನ್ನೆಲ್ಲ ತೆಗೆದುಹಾಕಿದರು. ಒಳಗೆ ಟಿಕೆಟ್ ಮಾರುವ ಯಂತ್ರವೂ ಇಲ್ಲ, ಡ್ರೈವರ್ ಚಿಲ್ಲರೆ ಮುಟ್ಟುವುದಿಲ್ಲ. ‘ಮೈಕಿ’ ಅನ್ನುವ ಕಾರ್ಡನ್ನು ಹತ್ತುವ ಮೊದಲೇ ಕೊಂಡು, ಅದರೊಳಗೆ ಹಣ ತುಂಬಿಸಿಕೊಂಡಿರಬೇಕು. ದೊಡ್ಡ ರೈಲು ನಿಲ್ದಾಣಗಳ ಯಂತ್ರದಲ್ಲಿ ಸಿಗುತ್ತದೆ, ಮೂಲೆ ಮೂಲೆಗೆ ಇರುವ ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಸಿಗುತ್ತದೆ. ಟ್ರಾಮ್ ಹತ್ತಿದ ಕೂಡಲೇ ಬಾಗಿಲ ಹತ್ತಿರದ ಯಂತ್ರಕ್ಕೆ ಕಾರ್ಡ್ ಮುಟ್ಟಿಸಬೇಕು, ‘ಟಚ್ ಆನ್’ ಅನ್ನುತ್ತಾರೆ. ರೈಲು, ಬಸ್ಸಿನಲ್ಲಾದರೆ ಇಳಿಯುವಾಗಲೂ ಮುಟ್ಟಿಸಬೇಕು. ಟ್ರಾಮ್‌ನಲ್ಲಿ ಇಳಿಯುವಾಗ ಮುಟ್ಟಿಸುವ ಅಗತ್ಯವಿಲ್ಲ. ಹೊಸಬರು ಬಾಗಿಲಲ್ಲಿ ನಿಂತು ಕಾರ್ಡ್ ಹುಡುಕುತ್ತ ಹಿಂದಿನವರನ್ನೆಲ್ಲ ತಡೆಯುತ್ತಾರೆ, ನೋಡಿದ್ದೇನೆ.

ಪ್ರತಿ ವರ್ಷ ಜನವರಿಗೆ ದರ ಏರುವುದು ವಾಡಿಕೆ, ಹೋಗುವ ಮುಂಚೆ ವಿಚಾರಿಸಿಕೋ. 2025ರಲ್ಲಿ ದೊಡ್ಡವರಿಗೆ ಎರಡು ಗಂಟೆಯ ದರ 5.50 ಡಾಲರ್ ಇತ್ತು, ಇಡೀ ದಿನಕ್ಕೆ ಎಷ್ಟೇ ತಿರುಗಿದರೂ 11 ಡಾಲರ್ ದಾಟುತ್ತಿರಲಿಲ್ಲ. ಒಂದು ಸಲ ಹತ್ತಿದರೆ ನಮ್ಮ ಮುನ್ನೂರು ರೂಪಾಯಿ! ರೂಪಾಯಿಗೆ ಗುಣಿಸುವ ಅಭ್ಯಾಸ ಮೊದಲ ವಾರ ಬಿಡುವುದಿಲ್ಲ, ಗುಣಿಸಿಕೋ, ಆದರೆ ಗುಣಿಸಿ ಗುಣಿಸಿ ಮನೆಯಲ್ಲೇ ಕೂರಬೇಡ. ಅದರ ಬದಲು ಎರಡು ಗಂಟೆ ಅನ್ನುವುದನ್ನು ಅವರು ಹೇಗೆ ಎಣಿಸುತ್ತಾರೆ ತಿಳಿದುಕೋ. ಮುಟ್ಟಿಸಿದ ಕ್ಷಣದಿಂದ ಎಣಿಸುವುದಿಲ್ಲ, ಮುಂದಿನ ಪೂರ್ತಿ ಗಂಟೆಯಿಂದ ಎಣಿಸುತ್ತಾರೆ. ಅಂದರೆ 9 ಗಂಟೆ 5 ನಿಮಿಷಕ್ಕೆ ಮುಟ್ಟಿಸಿದರೆ 12ರವರೆಗೂ ನಡೆಯುತ್ತದೆ, 8 ಗಂಟೆ 55 ನಿಮಿಷಕ್ಕೆ ಮುಟ್ಟಿಸಿದರೆ 11ಕ್ಕೇ ಮುಗಿಯುತ್ತದೆ. ಹತ್ತು ನಿಮಿಷ ತಡೆದರೆ ಒಂದು ಗಂಟೆ ಲಾಭ. ಸಂಜೆ 6ರ ಮೇಲೆ ಮುಟ್ಟಿಸಿದರಂತೂ ಆ ಒಂದೇ ದರ ರಾತ್ರಿ 3ರವರೆಗೆ. ಇದೇ ಹಣದಲ್ಲಿ ರೈಲು, ಬಸ್ಸು, ಟ್ರಾಮ್ ಮೂರೂ ಸೇರಿವೆ. ನಿಮ್ಮಣ್ಣನ ಮನೆ ಟಾರ್ನೀಟ್‌ನಲ್ಲಲ್ಲವೇ, ಆ ಕಡೆ ಟ್ರಾಮ್ ಇಲ್ಲ. ರೈಲಿನಲ್ಲಿ ಸದರ್ನ್ ಕ್ರಾಸ್‌ಗೆ ಬಂದು ಅಲ್ಲಿಂದ ಟ್ರಾಮ್ ಹಿಡಿಯಬೇಕು. ರೈಲಿಗೆ ಕೊಟ್ಟ ಹಣ ಇನ್ನೂ ನಡೆಯುತ್ತಿದೆಯಲ್ಲ ಅಂತ ಟ್ರಾಮ್‌ನಲ್ಲಿ ಸುಮ್ಮನೆ ಕೂರಬಾರದು. ಅಲ್ಲೂ ಮುಟ್ಟಿಸಲೇಬೇಕು, ಅವಧಿಯೊಳಗಿದ್ದರೆ ಹಣ ಮತ್ತೆ ಹೋಗುವುದಿಲ್ಲ.

ಪುಕ್ಕಟೆ ಟ್ರಾಮ್ ಅಂತ ಅಣ್ಣ ಹೇಳಿರುತ್ತಾನೆ. ನಿಜ. 2015ರ ಜನವರಿ 1ರಿಂದ ಪೇಟೆಯ ನಡುಭಾಗದಲ್ಲಿ ಟ್ರಾಮ್ ಓಡಾಟ ಉಚಿತ. ಆದರೆ ಆ ಉಚಿತಕ್ಕೆ ಎಲ್ಲೆಯಿದೆ. ಪೂರ್ವಕ್ಕೆ ಸ್ಪ್ರಿಂಗ್ ಸ್ಟ್ರೀಟ್, ದಕ್ಷಿಣಕ್ಕೆ ಫ್ಲಿಂಡರ್ಸ್ ಸ್ಟ್ರೀಟ್, ಪಶ್ಚಿಮಕ್ಕೆ ಡಾಕ್‌ಲ್ಯಾಂಡ್ಸ್, ಉತ್ತರಕ್ಕೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನ ಆಸುಪಾಸು. ಇದರೊಳಗೆ ಹತ್ತಿ ಇದರೊಳಗೇ ಇಳಿದರೆ ಕಾರ್ಡ್ ಮುಟ್ಟಿಸಲೇಬೇಡ. ಅಭ್ಯಾಸಬಲದಿಂದ ಮುಟ್ಟಿಸಿದೆಯೋ, ಹಣ ಕತ್ತರಿಸಿಕೊಳ್ಳುತ್ತದೆ. ಹತ್ತಿದ್ದಾಗಲಿ ಇಳಿಯುವುದಾಗಲಿ ಎಲ್ಲೆಯಾಚೆ ಆದರೆ ಪೂರ್ತಿ ದರ. ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಮುಂದೆ ಹತ್ತಿ, ಯಾರಾ ನದಿಯ ಸೇತುವೆ ದಾಟಿ, ಆಚೆ ದಡದ ಆರ್ಟ್ ಗ್ಯಾಲರಿಗೆ ಇಳಿಯುವುದಕ್ಕೆ ಎರಡು ನಿಮಿಷವೂ ಬೇಡ. ಆದರೆ ಸೇತುವೆ ದಾಟಿದ ಕೂಡಲೇ ಉಚಿತ ಮುಗಿಯಿತು. ಕೊನೆಯ ಉಚಿತ ಸ್ಟಾಪು ಬಂದಾಗ ಟ್ರಾಮ್‌ನಲ್ಲೇ ಕೂಗಿ ಹೇಳುತ್ತಾರೆ, ಕಿವಿಗೆ ಇಯರ್‌ಫೋನ್ ತುರುಕಿಕೊಂಡಿದ್ದರೆ ಕೇಳಿಸುವುದಿಲ್ಲ. ತಪಾಸಣೆಯವರು ಸಮವಸ್ತ್ರದಲ್ಲೂ ಬರುತ್ತಾರೆ, ಮಾಮೂಲಿ ಬಟ್ಟೆಯಲ್ಲೂ ಬರುತ್ತಾರೆ. ದಂಡ 300 ಡಾಲರಿನ ಆಸುಪಾಸು. ‘ನಾನು ಪ್ರವಾಸಿ, ಗೊತ್ತಿರಲಿಲ್ಲ’ ಅನ್ನುವ ಮಾತನ್ನು ಅವರು ದಿನಾ ಕೇಳಿರುತ್ತಾರೆ. ಮುಖ್ಯವಾಗಿ, ಒಂದು ಊರಿಗೆ ಅತಿಥಿಯಾಗಿ ಹೋದವರು ಅಲ್ಲಿನ ಬಾಡಿಗೆ ತಪ್ಪಿಸುವ ದಾರಿ ಹುಡುಕುವುದು ನನಗೆ ಸರಿಕಾಣುವುದಿಲ್ಲ. ನಮ್ಮವರಲ್ಲಿ ಕೆಲವರು ಇದನ್ನೊಂದು ಜಾಣತನದ ಹಾಗೆ ಹೇಳಿಕೊಳ್ಳುತ್ತಾರೆ. ಅವರ ಜೊತೆ ತಿರುಗಬೇಡ.

ಸಾಮಾನ್ಯ ಸ್ಟಾಪುಗಳಲ್ಲಿ ಟ್ರಾಮ್ ತಾನಾಗಿ ನಿಲ್ಲುತ್ತದೆಂದು ಕಾಯಬೇಡ, ಕೈ ತೋರಿಸು. ಇಳಿಯುವುದಕ್ಕೆ ಗುಂಡಿ ಒತ್ತಬೇಕು, ಹಳೆಯ ಗಾಡಿಯಾದರೆ ಹಗ್ಗ ಎಳೆಯಬೇಕು. ಹಣೆಯ ಮೇಲಿನ ನಂಬರ್ ಮಾತ್ರವಲ್ಲ, ಊರಿನ ಹೆಸರನ್ನೂ ಓದು. ಹೋಗುವುದಕ್ಕೂ ಬರುವುದಕ್ಕೂ ನಂಬರ್ ಒಂದೇ, ಡಿಪೋಗೆ ಹೊರಟ ಗಾಡಿ ನಡುದಾರಿಯಲ್ಲೇ ಇಳಿಸಿಬಿಡುತ್ತದೆ. ಟ್ರಾಮ್‌ಟ್ರ್ಯಾಕರ್ ಅನ್ನುವ ಆ್ಯಪ್ ಹಾಕಿಕೋ, ಮುಂದಿನ ಗಾಡಿ ಎಷ್ಟು ನಿಮಿಷಕ್ಕೆ ಅಂತ ತಿಳಿಯುತ್ತದೆ. ಅಷ್ಟು ಸಾಕು.

ಇಳಿಯುವ ವಿಷಯ ಮಾತ್ರ ಇಷ್ಟು ಬೇಗ ಮುಗಿಸಲಾರೆ, ಪ್ರಾಣದ ಪ್ರಶ್ನೆ. ಹಳಿ ಇರುವುದು ರಸ್ತೆಯ ನಡುವೆ. ಪೇಟೆಯಲ್ಲಿ ಎತ್ತರದ ಪ್ಲಾಟ್‌ಫಾರಂ ಕಟ್ಟಿದ್ದಾರೆ, ಅಲ್ಲಿ ಭಯವಿಲ್ಲ. ಬಡಾವಣೆಗಳಲ್ಲಿ ಹಾಗಿಲ್ಲ. ಮೆಟ್ಟಿಲು ಇಳಿದರೆ ನೇರ ಕಾರು ಓಡುವ ದಾರಿ, ಅದನ್ನು ದಾಟಿದರೆ ಫುಟ್‌ಪಾತು. ಟ್ರಾಮ್ ನಿಂತು ಬಾಗಿಲು ತೆರೆದಾಗ ಹಿಂದಿನಿಂದ ಬರುವ ಕಾರುಗಳೆಲ್ಲ ನಿಲ್ಲಬೇಕೆಂದು ಕಾನೂನೇ ಇದೆ, ಬಹುಪಾಲು ನಿಲ್ಲುತ್ತವೆ. ಆದರೂ ಕೆಳಗಿನ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಎಡಕ್ಕೆ, ಟ್ರಾಮ್‌ನ ಹಿಂದುಗಡೆಗೆ ಕಣ್ಣು ಹಾಯಿಸಿ ಆಮೇಲೆ ಕಾಲಿಡು. ಇನ್ನು ಹಳಿ ದಾಟುವಾಗ ಫೋನ್ ಚೀಲದಲ್ಲಿರಲಿ. ಹೊಸ ಗಾಡಿಗಳು ಸದ್ದಿಲ್ಲದೆ ಬರುತ್ತವೆ, 33 ಮೀಟರ್ ಉದ್ದದವೂ ಇವೆ, ಬ್ರೇಕ್ ಹಾಕಿದ ಕೂಡಲೇ ನಿಲ್ಲುವ ಜಾತಿಯಲ್ಲ. ಒಂದು ಟ್ರಾಮ್ 30 ಘೇಂಡಾಮೃಗದಷ್ಟು ಭಾರ ಅಂತ ಜನರಿಗೆ ಎಚ್ಚರಿಸಲು, ಸ್ಕೇಟ್‌ಬೋರ್ಡ್ ಮೇಲೆ ಘೇಂಡಾಮೃಗ ನಿಲ್ಲಿಸಿದ ಚಿತ್ರವನ್ನೇ ಟ್ರಾಮ್ ಕಂಪನಿಯವರು ಊರೆಲ್ಲ ಅಂಟಿಸಿದ್ದರು. ನಗು ಬರುತ್ತದೆ, ಆದರೆ ನೆನಪಿರುತ್ತದೆ.

ಅಣ್ಣನ ಕಾರು ಓಡಿಸುತ್ತೇನೆ ಅಂತ ನೀನು ಹಟ ಮಾಡಿದರೆ ಪೇಟೆಯೊಳಗೆ ಮಾತ್ರ ಬೇಡ. ಅಲ್ಲಿ ಬಲಕ್ಕೆ ತಿರುಗುವ ಕಾರು ನಡುವೆ ನಿಂತರೆ ಟ್ರಾಮ್‌ಗೆ ಅಡ್ಡ, ಅದಕ್ಕೆ ಹಲವು ಕೂಡುರಸ್ತೆಗಳಲ್ಲಿ ಎಡತುದಿಗೆ ಹೋಗಿ ನಿಂತು, ಸಿಗ್ನಲ್ ಬದಲಾದ ಮೇಲೆ ಅಲ್ಲಿಂದ ಬಲಕ್ಕೆ ತಿರುಗಬೇಕು. ಆ ಊರಿನವರಿಗೇ ಬೆವರು ಬಿಡಿಸುವ ವಿದ್ಯೆ ಅದು.

ಸರಿ, ಈಗ ಎಲ್ಲಿಗೆ ಹೋಗುವುದು? ಸುಮಾರು 250 ಕಿಲೋಮೀಟರ್ ಹಳಿ, 1,700ಕ್ಕೂ ಹೆಚ್ಚು ಸ್ಟಾಪು, ಎರಡು ಡಜನ್ ನಂಬರ್‌ಗಳು. ಜಗತ್ತಿನಲ್ಲಿ ಇಷ್ಟು ದೊಡ್ಡ ಟ್ರಾಮ್ ಜಾಲ ಬೇರೆ ಊರಿನಲ್ಲಿಲ್ಲ. ಹೆಚ್ಚಿನವರು ಮೊದಲು ತೋರಿಸುವುದು 35ನೇ ನಂಬರಿನ ಸಿಟಿ ಸರ್ಕಲ್. ಪೇಟೆಯ ಸುತ್ತ ಹೋಗಿ ಡಾಕ್‌ಲ್ಯಾಂಡ್ಸ್ ಮುಟ್ಟಿ ಬರುವ ಪೂರ್ತಿ ಉಚಿತ ಟ್ರಾಮ್, 1994ರಿಂದ ಇದೆ. ಧ್ವನಿವರ್ಧಕದಲ್ಲಿ ಇದು ಪಾರ್ಲಿಮೆಂಟು, ಅದು ಜೈಲು ಅಂತ ಹೇಳುತ್ತ ಹೋಗುತ್ತದೆ. ಗಾಡಿ ಚೆಂದ, ಡಬ್ಲ್ಯೂ ಕ್ಲಾಸ್ ಅನ್ನುವ ಹಳೆಯ ಮಾದರಿ. 1923ರಿಂದ 1956ರವರೆಗೆ ಕಟ್ಟಿದವು, ಒಳಗೆಲ್ಲ ಮರದ ಕೆಲಸ. ಒಂದು ಸುತ್ತು ಹಾಕು, ಗಾಡಿ ನೋಡುವುದಕ್ಕೆ. ಆದರೆ ಅದರಲ್ಲಿ ಕೂರುವವರೆಲ್ಲ ಪ್ರವಾಸಿಗಳೇ. ಪ್ರವಾಸಿಗಳ ಮುಖ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ? ಟ್ರಾಮ್‌ನಲ್ಲೇ ಊಟ ಬಡಿಸುವ ಹೋಟೆಲ್ ಇದೆ ಅಂತ ಯಾರಾದರೂ ಹಳಬರು ಹೇಳಿದರೆ ನಂಬಬೇಡ, 2018ರಲ್ಲೇ ಅದು ನಿಂತುಹೋಯಿತು.

ನಾನು ಹೇಳುವ ದಿನ ಬೇರೆ. ಮೆಲ್ಬರ್ನ್ ಸಮುದ್ರದ ಊರು ಅನ್ನುವುದು ಪೇಟೆಯಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಗಾಜಿನ ಕಟ್ಟಡ, ನದಿ, ಸೇತುವೆ, ಅಷ್ಟೇ ಕಾಣುತ್ತದೆ. ಆದರೆ ಮೂರು ನಂಬರಿನ ಟ್ರಾಮ್‌ಗಳು ನೀರಿನ ಅಂಚಿಗೇ ಹೋಗಿ ನಿಲ್ಲುತ್ತವೆ. 109 ಪೋರ್ಟ್ ಮೆಲ್ಬರ್ನಿಗೆ, 1 ಸೌತ್ ಮೆಲ್ಬರ್ನ್ ಬೀಚಿಗೆ, 96 ಸೇಂಟ್ ಕಿಲ್ಡಾಗೆ. ಈ ಮೂರನ್ನೂ ಒಂದೇ ಮಧ್ಯಾಹ್ನಕ್ಕೆ ಕೂಡಿಸಬಹುದು.

ಮಧ್ಯಾಹ್ನ ಊಟ ಮಾಡಿ ಕಾಲಿನ್ಸ್ ಸ್ಟ್ರೀಟಿನಲ್ಲಿ 109 ಹತ್ತು. ಪೇಟೆ ಬಿಟ್ಟು ನದಿ ದಾಟಿದ ಮೇಲೆ ಟ್ರಾಮ್ ಬೀದಿ ಬಿಟ್ಟು ತನ್ನದೇ ದಾರಿಗೆ ಬೀಳುತ್ತದೆ, ವೇಗ ಹೆಚ್ಚುತ್ತದೆ. ಅದು ಮೊದಲು ರೈಲಿನ ಹಾದಿ. 1854ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮೊದಲ ಉಗಿಬಂಡಿ ಓಡಿದ್ದು ಇದೇ ಹಾದಿಯಲ್ಲಿ, ಪೇಟೆಯಿಂದ ಬಂದರಿಗೆ. 1987ರಲ್ಲಿ ರೈಲು ನಿಲ್ಲಿಸಿ ಟ್ರಾಮ್ ಬಿಟ್ಟರು. ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಸ್ಟೇಷನ್ ಪಿಯರ್. ಎರಡನೇ ಮಹಾಯುದ್ಧದ ಮೇಲೆ ಇಟಲಿ, ಗ್ರೀಸಿನಿಂದ ಹೊಟ್ಟೆಪಾಡಿಗೆ ಬಂದವರು ಹಡಗಿನಿಂದ ಇಳಿದು ಮೊದಲು ಕಾಲಿಟ್ಟ ಕಟ್ಟೆ ಅದು. ನಿಮ್ಮಣ್ಣ ವಿಮಾನದಲ್ಲಿ ಹೋಗಿ ಇಳಿದ, ಅವರು ವಾರಗಟ್ಟಲೆ ಹಡಗಿನಲ್ಲಿ ಹೋಗಿ ಇಳಿದರು. ಟಾಸ್ಮೇನಿಯಾಕ್ಕೆ ಹೋಗುವ ಹಡಗು ಈಗ ಅಲ್ಲಿಂದ ಹೊರಡುವುದಿಲ್ಲ, 2022ರಲ್ಲಿ ಜೀಲಾಂಗ್‌ಗೆ ಹೋಯಿತು.

ಅಲ್ಲಿಂದ ನೀರನ್ನು ಬಲಗಡೆಗೆ ಇಟ್ಟುಕೊಂಡು ನಡೆಯಲು ಶುರುಮಾಡು. ದಾರಿ ಸಮತಟ್ಟು, ಸೇಂಟ್ ಕಿಲ್ಡಾವರೆಗೆ ಸುಮಾರು 5-6 ಕಿಲೋಮೀಟರ್. ಸೈಕಲ್ಲಿನವರಿಗೆ ಬೇರೆ ಪಟ್ಟೆ ಇದೆ, ಅದರೊಳಗೆ ನಡೆದರೆ ಬೈಸಿಕೊಳ್ಳುತ್ತೀ. ಮಲ್ಪೆಯ ಅಲೆ, ಮುರುಡೇಶ್ವರದ ಅಬ್ಬರ ನೆನೆಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ಅದು ಪೋರ್ಟ್ ಫಿಲಿಪ್ ಕೊಲ್ಲಿ, ಸುತ್ತಲೂ ನೆಲ ಬಳಸಿದ ನೀರು, ತೆರೆ ಸಣ್ಣದು. ಆದರೆ ಅದು ಪಶ್ಚಿಮಕ್ಕೆ ಮುಖ ಮಾಡಿದ ದಂಡೆ, ನಮ್ಮ ಕರಾವಳಿಯ ಹಾಗೆ ಅಲ್ಲೂ ಸೂರ್ಯ ಮುಳುಗುವುದು ನೀರಿನ ಕಡೆಗೇ. ಕಾಲು ಸೋತರೆ ನಡುವೆ 1ನೇ ನಂಬರಿನ ಕೊನೆಯ ಸ್ಟಾಪಿದೆ, ನಾಚಿಕೆಪಡದೆ ಹತ್ತಿ ಪೇಟೆಗೆ ವಾಪಸಾಗು. ನಾನು ಹಾಗೆ ಮಾಡಿದ್ದೂ ಉಂಟು, ಪೂರ್ತಿ ನಡೆದದ್ದೂ ಉಂಟು.

ಸೇಂಟ್ ಕಿಲ್ಡಾದಲ್ಲಿ ಬಾಯಿ ತೆರೆದ ದೊಡ್ಡ ಮುಖವೊಂದು ಬಾಗಿಲಾಗಿರುವ ಲೂನಾ ಪಾರ್ಕ್ ಕಾಣುತ್ತದೆ, 1912ರದು. ಪಕ್ಕದ ಆಕ್ಲಂಡ್ ಸ್ಟ್ರೀಟಿನಲ್ಲಿ ಕೇಕಿನ ಅಂಗಡಿಗಳು ಸಾಲಾಗಿವೆ. ಮೊಟ್ಟೆ ತಿನ್ನದವಳು ನೀನು, ಕೇಳಿ ಕೊಂಡುಕೋ. ಹೊಸದಾಗಿ ಕಟ್ಟಿ 2024ರ ಡಿಸೆಂಬರಿನಲ್ಲಿ ತೆರೆದ ಉದ್ದನೆಯ ಪಿಯರ್ ಇದೆ, ಸೂರ್ಯ ಮುಳುಗುವಾಗ ಅಲ್ಲಿರು. ಬೇಸಿಗೆಯಾದರೆ, ಅಂದರೆ ಅವರ ಡಿಸೆಂಬರ್, ಜನವರಿಯಲ್ಲಿ, ಅದು ಆಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ಊಟದ ಹೊತ್ತು ಮೀರುತ್ತದೆಂದು ಅತ್ತಿಗೆಗೆ ಮೊದಲೇ ಹೇಳಿರು. ಟೋಪಿ ಬೇಕು, ಅಲ್ಲಿನ ಬಿಸಿಲು ಚರ್ಮವನ್ನು ಸುಡುತ್ತದೆ. ಸ್ವೆಟರೂ ಬೇಕು, ದಕ್ಷಿಣದ ಗಾಳಿ ತಿರುಗಿದರೆ ಅರ್ಧ ಗಂಟೆಯಲ್ಲಿ ಬೇಸಿಗೆ ಹೋಗಿ ಮಾಗಿ ಬರುತ್ತದೆ. ನಾನು ಸುಮ್ಮನೆ ಹೆದರಿಸುತ್ತಿಲ್ಲ.

ಬರುವಾಗ 96. ಇದೂ ಹಳೆಯ ರೈಲಿನ ಹಾದಿಯೇ. ಹಳೆಯ ನಿಲ್ದಾಣದ ಕಟ್ಟಡಗಳು ಟ್ರಾಮ್ ಸ್ಟಾಪಿನ ಪಕ್ಕದಲ್ಲಿ ಹಾಗೇ ನಿಂತಿವೆ. ಬುಧವಾರ, ಶುಕ್ರವಾರ, ಶನಿವಾರ, ಭಾನುವಾರಗಳಲ್ಲಿ ಸೌತ್ ಮೆಲ್ಬರ್ನ್ ಮಾರ್ಕೆಟ್ ತೆರೆದಿರುತ್ತದೆ, ಅದು ಇದೇ ದಾರಿಯಲ್ಲಿ. ಬೇರೊಂದು ದಿನ ಬೆಳಿಗ್ಗೆ ಹೋಗು. ಶುಕ್ರವಾರ, ಶನಿವಾರ 96 ಮತ್ತು 109 ರಾತ್ರಿಯಿಡೀ ಓಡುತ್ತವೆ. ಓಡುತ್ತವೆ ಅಂದೆ, ನೀನು ರಾತ್ರಿಯಿಡೀ ಕೂತಿರು ಅಂದಿಲ್ಲ.

96 ಪೇಟೆಯೊಳಗೆ ಬರ್ಕ್ ಸ್ಟ್ರೀಟಿನಲ್ಲಿ ಹೋಗುತ್ತದೆ. ಆ ಬೀದಿಯ ಹಳಿಗೆ ಒಂದು ಕಥೆಯಿದೆ. ಮೆಲ್ಬರ್ನಿನಲ್ಲಿ ಮೊದಲಿದ್ದದ್ದು ನೆಲದೊಳಗಿನ ಹಗ್ಗ ಎಳೆಯುವ ಕೇಬಲ್ ಟ್ರಾಮ್, 1885ರಲ್ಲಿ ಶುರುವಾದದ್ದು. 1940ರಲ್ಲಿ ಕೊನೆಯದನ್ನು ನಿಲ್ಲಿಸಿ ಬರ್ಕ್ ಸ್ಟ್ರೀಟಿಗೆ ಬಸ್ಸು ತಂದರು. ಜಗತ್ತಿನ ಎಷ್ಟೋ ಊರುಗಳು ಟ್ರಾಮ್ ಕಿತ್ತು ಬಸ್ಸು ತರುತ್ತಿದ್ದ ಕಾಲ ಅದು. ಮದ್ರಾಸು 1953ರಲ್ಲಿ ಕಿತ್ತಿತು, ಸಿಡ್ನಿ 1961ರಲ್ಲಿ, ಬೊಂಬಾಯಿ 1964ರ ಮಾರ್ಚ್ 31ರಂದು. ಮೆಲ್ಬರ್ನ್ ಮಾತ್ರ 1955ರಲ್ಲಿ ಬರ್ಕ್ ಸ್ಟ್ರೀಟಿನಿಂದ ಬಸ್ಸು ಕಳಿಸಿ ಮತ್ತೆ ಹಳಿ ಹಾಕಿತು. ಆಗ ಟ್ರಾಮ್ ಮಂಡಳಿಯ ಅಧ್ಯಕ್ಷ ರಾಬರ್ಟ್ ರಿಸ್ಸನ್ ಅನ್ನುವವನು. 1949ರಿಂದ 1970ರವರೆಗೆ ಕುರ್ಚಿ ಬಿಡದೆ, ಪತ್ರಿಕೆಗಳು ಬೈದರೂ ಬಗ್ಗದೆ, ಹಳಿಯನ್ನು ಕಾಂಕ್ರೀಟಿನಲ್ಲಿ ಹೂತು ಕೂರಿಸಿದ. ಕೀಳುವುದೇ ದುಬಾರಿ ಆಗುವ ಹಾಗೆ. ಬೀದಿಗಳು 99 ಅಡಿ ಅಗಲ ಇದ್ದದ್ದೂ ಅನುಕೂಲವಾಯಿತು. ನಿಮ್ಮಜ್ಜ ಬೊಂಬಾಯಿಯಲ್ಲಿದ್ದಾಗ ಕಿಂಗ್ಸ್ ಸರ್ಕಲ್ಲಿನಿಂದ ಟ್ರಾಮ್ ಹತ್ತುತ್ತಿದ್ದವರು. ಅದು ನಿಂತದ್ದನ್ನು ನೆನೆದು ಕೊನೆಯವರೆಗೂ ಗೊಣಗುತ್ತಿದ್ದರು. ಅವರು ಮೆಲ್ಬರ್ನ್ ನೋಡಿದ್ದರೆ ಏನನ್ನುತ್ತಿದ್ದರೋ.

ಒಳಗೆ ಕೂತಾಗ ಹೇಗಿರಬೇಕು ಅಂತ ನಿನಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಇಳಿಯುವವರು ಇಳಿದ ಮೇಲೆ ಹತ್ತು. ಬಾಗಿಲ ಹತ್ತಿರದ ಸೀಟು ವಯಸ್ಸಾದವರಿಗೆ, ಬಸುರಿಯರಿಗೆ. ನನ್ನ ನರೆಗೂದಲು ನೋಡಿ ಎದ್ದ ಹುಡುಗರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದೇನೆ, ನೀನು ಅವರಿಗಿಂತ ಕಡಿಮೆಯಾಗಬಾರದು. ಗಾಡಿ ಹೊರಡುವ ಮೊದಲೇ ಕಂಬಿ ಹಿಡಿದುಕೋ. ಫೋನನ್ನು ಸ್ಪೀಕರ್‌ಗೆ ಹಾಕಿ ಊರಿಗೆಲ್ಲ ಕೇಳುವಂತೆ ಅಮ್ಮನ ಜೊತೆ ಮಾತಾಡಬೇಡ. ಅಮ್ಮ ಕೂಗಿಯೇ ಮಾತಾಡುತ್ತಾಳೆ, ನನಗೆ ಗೊತ್ತು. ಮನೆಗೆ ಹೋಗಿ ಮಾಡು. ದಾರಿ ತಪ್ಪಿದರೆ ಪಕ್ಕದವರನ್ನು ಕೇಳು. ಫೋನಿನಲ್ಲಿ ಹುಡುಕುವುದಕ್ಕಿಂತ ಬೇಗ ಹೇಳುತ್ತಾರೆ, ಕೇಳದೆ ಇದ್ದ ಎರಡು ಮಾತೂ ಹೇಳುತ್ತಾರೆ. ಕೆಲವೊಮ್ಮೆ ರಿಪೇರಿಗೆಂದು ಹಳಿ ಮುಚ್ಚಿ ಬದಲಿಗೆ ಬಸ್ಸು ಬಿಡುತ್ತಾರೆ. ಆಗ ಕಿತ್ತಳೆ ಅಂಗಿ ತೊಟ್ಟವರು ನಿಂತಿರುತ್ತಾರೆ, ಅವರು ತೋರಿಸಿದ ಕಡೆ ಹೋಗು.

ವಾಪಸು ಹೊರಡುವಾಗ ಮೈಕಿ ಕಾರ್ಡನ್ನು ಕಸದ ಬುಟ್ಟಿಗೆ ಹಾಕಬೇಡ. ಕೊಂಡ ದಿನದಿಂದ ನಾಲ್ಕು ವರ್ಷ ನಡೆಯುತ್ತದೆ, ಯಾರು ಬೇಕಾದರೂ ಬಳಸಬಹುದು. ಉಳಿದ ಹಣದ ಸಮೇತ ಅತ್ತಿಗೆಯ ಕೈಗೆ ಕೊಟ್ಟು ಬಾ. ಬರುವ ನವೆಂಬರಿಗೆ ನಿಮ್ಮಪ್ಪ ಅಮ್ಮ ಹೊರಟಿದ್ದಾರಲ್ಲ, ಅವರಿಗಾಗುತ್ತದೆ.